ಹನ್ನೊಂದೂವರೆಯ ಸಹಿ

ಕಣ್ಣಿನ ಹನಿಮದ್ದು ತಯಾರಿಸುವ ಆ ಕಾರ್ಖಾನೆಯಲ್ಲಿ ಪ್ರಯೋಗಾಲಯದ ಮುಖ್ಯಸ್ಥೆಗೆ ಜನ ಇಟ್ಟ ಹೆಸರು ‘ಸೊನ್ನೆ ಮೇಡಂ’. ಯಾರಾದರೂ ತೂಕವನ್ನು ‘ಐದು ಗ್ರಾಂ’ ಎಂದು ಬರೆದು ತಂದರೆ, ಆ ಕಾಗದವನ್ನು ಸತ್ತ ಜಿರಲೆ ಎತ್ತಿದ ಹಾಗೆ ಎರಡೇ ಬೆರಳಲ್ಲಿ ಹಿಡಿದು ವಾಪಸು ಕೊಡುತ್ತಿದ್ದಳು. ದಶಮಾಂಶ ಬಿಂದುವಿನ ಮುಂದೆ ಎರಡು ಸೊನ್ನೆ ಬೇಕು. ತಕ್ಕಡಿ ಅಷ್ಟು ಕಷ್ಟಪಟ್ಟು ಹೇಳಿದ್ದನ್ನು ನೀವು ನುಂಗಿಹಾಕುವುದು ಯಾವ ನ್ಯಾಯ ಎನ್ನುತ್ತಿದ್ದಳು. ಅವಳ ಸಹಿಯಿಲ್ಲದೆ ಒಂದು ಬಾಟಲಿಯೂ ಗೇಟು ದಾಟುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ದಾಟಿದ್ದರಲ್ಲಿ ಒಂದೂ ವಾಪಸು ಬಂದಿರಲಿಲ್ಲ. ಹೀಗಾಗಿ ತನ್ನನ್ನು ಬಿಟ್ಟು ಉಳಿದ ಜಗತ್ತೆಲ್ಲ ಅರೆಬರೆ ಎಂದು ಅವಳು ನಂಬಿದ್ದರೆ, ಅದಕ್ಕೊಂದು ಆಧಾರವಂತೂ ಇತ್ತು.

ಅರೆಬರೆಗಳ ಪೈಕಿ ಮೊದಲನೆಯವನು ಕ್ಯಾಂಟೀನಿನ ಗುತ್ತಿಗೆದಾರ. ಹೆಗಲ ಮೇಲಿನ ಒಂದೇ ಬಟ್ಟೆಯಲ್ಲಿ ತಟ್ಟೆ, ಮೇಜು, ಹಣೆಯ ಬೆವರು ಮೂರನ್ನೂ ಒರೆಸುವವನು. ಅದಕ್ಕೇ ಅವಳು ಮನೆಯಿಂದ ಡಬ್ಬಿ ತರುತ್ತಿದ್ದಳು. ಆ ಬುಧವಾರ ಮಾತ್ರ ಹೊರಗಿನಿಂದ ತಪಾಸಣೆಯವರು ಬಂದಿದ್ದರು, ಅವರ ಜೊತೆ ಕೂತು ಉಣ್ಣದೆ ವಿಧಿಯಿರಲಿಲ್ಲ. ಒಂದು ಗಂಟೆಗೆ ತರಕಾರಿ ಹಾಕಿ ಹುರಿದ ಅನ್ನ ಉಂಡಳು. ಮೂರಕ್ಕೆ ತೊಟ್ಟಿಯ ಅಂಚು ಹಿಡಿದು ಬಗ್ಗಿದ್ದಳು. ಆ ಸ್ಥಿತಿಯಲ್ಲೂ ವಾಂತಿಯನ್ನು ಶುದ್ಧ ಬಾಟಲಿಯೊಂದಕ್ಕೆ ಹಿಡಿದು, ಮುಚ್ಚಳ ಬಿಗಿದು, ದಿನಾಂಕ, ಗಂಟೆ, ನಿಮಿಷ ಬರೆದ ಚೀಟಿ ಅಂಟಿಸಿ, ಆಮೇಲೆ ನೆಲಕ್ಕೆ ಕುಸಿದಳು.

ಸಂಜೆಯ ಹೊತ್ತಿಗೆ ಅವಳೂ ಸೇರಿ ಮೂವತ್ತೊಂದು ಜನ ಮಲಗಿದ್ದರು. ಮೂವತ್ತು ಜನ ಎದ್ದರು. ಪ್ಯಾಕಿಂಗ್ ವಿಭಾಗದ ಹಿರಿಯಳು, ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದವಳು, ಯಕೃತ್ತಿಗೆ ಪೆಟ್ಟು ಬಿದ್ದು ಏಳು ವಾರ ಆಸ್ಪತ್ರೆಯಲ್ಲಿ ಉಳಿದಳು. ಮನೆಗೆ ಬಂದ ಮೇಲೂ ಅರ್ಧ ಗಂಟೆ ನಿಂತರೆ ಅವಳಿಗೆ ಕಣ್ಣು ಕತ್ತಲೆ. ಪ್ಯಾಕಿಂಗ್ ಎಂದರೆ ಎಂಟು ಗಂಟೆ ನಿಲ್ಲುವ ಕೆಲಸ.

ಗುತ್ತಿಗೆದಾರ ಹಣ್ಣಿನ ಬುಟ್ಟಿ ಹಿಡಿದು ಸೊನ್ನೆ ಮೇಡಂ ಮನೆಗೆ ಬಂದ. ಹವೆ ಬದಲಾದರೆ ಎಲ್ಲರ ಹೊಟ್ಟೆಯೂ ಕೆಡುತ್ತದೆ, ಇದನ್ನೆಲ್ಲ ದೊಡ್ಡದು ಮಾಡಬಾರದು ಎಂದು ಬೆಣ್ಣೆ ಹಚ್ಚಿದ. ನಾನೂ ಉಂಡಿದ್ದೆ, ನನಗೇನೂ ಆಗಲಿಲ್ಲವಲ್ಲ ಎಂದೂ ಸೇರಿಸಿದ. ಅವಳು ಬಾಗಿಲಲ್ಲೇ ನಿಂತು, ನಿಮ್ಮ ಹೊಟ್ಟೆಗೆ ಅಭ್ಯಾಸವಾಗಿರಬೇಕು ಎಂದಳು. ಬುಟ್ಟಿಯಲ್ಲಿದ್ದ ಸೇಬುಗಳನ್ನು ಅತ್ತೆ ಉಪ್ಪುನೀರಲ್ಲಿ ಎರಡು ಸಲ ತೊಳೆದು, ಮೂಸಿ, ಪಕ್ಕದ ಮನೆಗೆ ಕೊಟ್ಟುಬಿಟ್ಟರು.

ಮೂವತ್ತೊಂದು ಜನರ ಪರವಾಗಿ ಗುತ್ತಿಗೆದಾರ ಮತ್ತು ಕಂಪನಿಯ ಮೇಲೆ ಪರಿಹಾರದ ದಾವೆ ಹೂಡಿದವಳು ಅವಳೇ. ಅರ್ಜಿಯ ಕರಡನ್ನು ವಕೀಲರು ಮೂರು ಸಲ ಬರೆದರು, ಮೂರು ಸಲವೂ ಅವಳು ಕೆಂಪು ಶಾಯಿಯಲ್ಲಿ ತಿದ್ದಿದಳು. ‘ಹೊಟ್ಟೆಯ ತೊಂದರೆ’ ಎಂದಿದ್ದನ್ನೆಲ್ಲ ಹೊಡೆದು ‘ಆಹಾರದಿಂದ ವಿಷಪ್ರಾಶನ’ ಎಂದು ಮಾಡಿದಳು. ಆ ಮಾತು ತೀರ್ಪಿನಲ್ಲಿ ಬರದಿದ್ದರೆ ದೊಡ್ಡಕ್ಕನಿಗೆ ಕಂಪನಿಯಿಂದ ಸಿಗುವುದು ಹಣ್ಣಿನ ಬುಟ್ಟಿ ಮಾತ್ರ ಎಂದು ಅವಳಿಗೆ ಗೊತ್ತಿತ್ತು. ವಾಂತಿಯ ಬಾಟಲಿಯ ಪರೀಕ್ಷೆಯ ವರದಿ ಬೇರೊಂದು ಪ್ರಯೋಗಾಲಯದಿಂದ ಬಂದಿತ್ತು: ಬೇಯಿಸಿದ ಅನ್ನವನ್ನು ಗಂಟೆಗಟ್ಟಲೆ ಹೊರಗಿಟ್ಟಾಗ ಹುಟ್ಟುವ ವಿಷ, ಮತ್ತೆ ಹುರಿದರೂ ನಾಶವಾಗದ್ದು. ಗೆದ್ದಂತೆಯೇ ಎಂದುಕೊಂಡಿದ್ದಳು.

ಅವಳ ಸಾಕ್ಷ್ಯದ ಹಿಂದಿನ ಮಧ್ಯಾಹ್ನ ವಕೀಲರು ಕಚೇರಿಗೆ ಕರೆಸಿ, ಎದುರು ಕಡೆಯವರು ಸಲ್ಲಿಸಿದ ಒಂದು ಹಾಳೆಯ ನಕಲನ್ನು ಮೇಜಿನ ಮೇಲೆ ತಳ್ಳಿದರು. ಕ್ಯಾಂಟೀನಿನ ರುಚಿ ಪುಸ್ತಕದ ಹಾಳೆ. ಪ್ರತಿದಿನ ಹನ್ನೊಂದೂವರೆಗೆ ಒಬ್ಬ ಅಧಿಕಾರಿ ಅಡುಗೆಮನೆಗೆ ಹೋಗಿ, ಅಡುಗೆ ಅಂದಿನದೇ ಎಂದು ನೋಡಿ, ಒಂದು ಚಮಚ ತಿಂದು, ಸಹಿ ಹಾಕಬೇಕೆಂಬುದು ಕಾರ್ಖಾನೆಯ ನಿಯಮ. ಒಂದೊಂದು ತಿಂಗಳು ಒಬ್ಬೊಬ್ಬ ಅಧಿಕಾರಿಯ ಪಾಳಿ. ಆ ಬುಧವಾರದ ಹಾಳೆಯಲ್ಲಿ ‘ಇಂದೇ ಬೇಯಿಸಿದ್ದು, ರುಚಿ ಮತ್ತು ವಾಸನೆ ಸರಿಯಿದೆ’ ಎಂಬುದರ ಕೆಳಗೆ ಅವಳ ಸಹಿ ಇತ್ತು, ಪ್ರತಿ ಅಕ್ಷರವೂ ಬಿಡಿಬಿಡಿಯಾಗಿ.

ಕಾರ್ಖಾನೆಯಲ್ಲಿ ಅದನ್ನು ಯಾರೂ ದಿನಾ ಮಾಡುತ್ತಿರಲಿಲ್ಲ. ಒಂದನೇ ತಾರೀಖು ಪುಸ್ತಕ ಮೇಜಿಗೆ ಬರುತ್ತಿತ್ತು; ಪಾಳಿಯ ಅಧಿಕಾರಿ ಟೀ ಕುಡಿಯುತ್ತ ಮೂವತ್ತೂ ಹಾಳೆಗೆ ಸಹಿ ಹಾಕಿ ಕಳಿಸುತ್ತಿದ್ದರು. ಉಳಿದವರು ಸೋಮಾರಿತನಕ್ಕೆ ಹಾಗೆ ಮಾಡಿದರೆ, ಸೊನ್ನೆ ಮೇಡಂ ಮಾಡಿದ್ದು ಅಸಹ್ಯಕ್ಕೆ. ಆ ಹೊಗೆಯಲ್ಲಿ ನಿಂತು ಆ ಮನುಷ್ಯನ ಚಮಚವನ್ನು ಬಾಯಿಗಿಡುವುದೇ? ರುಚಿ ಪುಸ್ತಕವನ್ನು ಅವಳು ಎಂದೂ ದಾಖಲೆಯೆಂದೇ ಎಣಿಸಿರಲಿಲ್ಲ.

ವಕೀಲರಿಗೆ ಇದು ಹೊಸದಲ್ಲ. ಕಡ್ಡಿಯಿಂದ ಹಲ್ಲು ಕೆದಕಿಕೊಳ್ಳುತ್ತ ದಾರಿ ತೋರಿಸಿದರು. ಹನ್ನೊಂದೂವರೆಗೆ ತಿಂದಾಗ ಚೆನ್ನಾಗಿತ್ತು, ಆಮೇಲೆ ಒಂದರವರೆಗೆ ಬಿಸಿ ಪಾತ್ರೆಯಲ್ಲೇ ಇಟ್ಟರು, ಅಷ್ಟರಲ್ಲಿ ಕೆಟ್ಟಿತು. ಹೀಗೆಂದರೆ ಸಹಿಯೂ ಉಳಿಯಿತು, ದಾವೆಯೂ ಉಳಿಯಿತು.

“ಒಂದೂವರೆ ಗಂಟೆಯಲ್ಲಿ ಅಷ್ಟು ವಿಷ ಹುಟ್ಟಲ್ಲ,” ಎಂದಳು.

“ಅಲ್ಲಿ ಯಾರಿಗೆ ಗೊತ್ತಾಗುತ್ತೆ ಮೇಡಂ? ನ್ಯಾಯಾಧೀಶರು ಓದಿರೋದು ಕಾನೂನು.”

ಅಷ್ಟು ಕೀಳು ದರ್ಜೆಯ ಸುಳ್ಳನ್ನು ತನ್ನ ಬಾಯಿಗೆ ಇಡಲು ಬಂದ ಈ ಮನುಷ್ಯನನ್ನು ಅವಳು ಹುಳ ನೋಡುವಂತೆ ನೋಡಿದಳು. ಆದರೆ ಬೇಡ ಎನ್ನದೆ ಎದ್ದು ಬಂದಳು.

ಮನೆಯಲ್ಲಿ ಅತ್ತೆ ಹಾಲಿನ ಪಾತ್ರೆ ಒಲೆಯ ಮೇಲಿಡುತ್ತಿದ್ದರು. ಸೊಸೆ ಒಂದೂ ಬಿಡದೆ ಹೇಳಿದಳು. ಎಲ್ಲರೂ ಹಾಗೇ ಮಾಡುತ್ತಾರೆ, ಅದು ರೂಢಿ ಎಂದೂ ಹೇಳಿದಳು. ಆ ಮಾತು ತನ್ನ ಬಾಯಿಂದ ಬಂದಾಗ ಗುತ್ತಿಗೆದಾರನ ಮಾತಿನ ಹಾಗೇ ಕೇಳಿಸಿತು.

“ನೋಡಮ್ಮ, ನಾನು ಓದಿದೋಳಲ್ಲ,” ಎಂದರು ಅತ್ತೆ. “ಅದಕ್ಕೇ ಒಲೆ ಮೇಲಿಡೋಕೆ ಮುಂಚೆ ಹಾಲು ಮೂಸಿ ನೋಡ್ತೀನಿ. ನಿನ್ನ ಹಾಗೆ ಕಾಲೇಜಿಗೆ ಹೋಗಿದ್ರೆ, ಒಂದನೇ ತಾರೀಖೇ ತಿಂಗಳ ಹಾಲನ್ನೆಲ್ಲ ಮೂಸಿ ಮುಗಿಸಿಬಿಡ್ತಿದ್ದೆ.”

ಅತ್ತೆ ಉರಿ ಸಣ್ಣದು ಮಾಡಿ, ದೊಡ್ಡಕ್ಕ ಈಗ ಏನು ಉಣ್ಣುತ್ತಾಳಂತೆ ಎಂದು ಕೇಳಿದರು. ಗೊತ್ತಿಲ್ಲ ಎಂದಳು. ದೊಡ್ಡಕ್ಕನ ವೈದ್ಯಕೀಯ ವರದಿಯ ಪ್ರತಿ ಅಂಕಿಯೂ ಇವಳಿಗೆ ಬಾಯಿಪಾಠವಿತ್ತು. ಅವಳ ಮನೆಗೆ ಮಾತ್ರ ಇವಳು ಹೋಗಿರಲಿಲ್ಲ.

ಮರುದಿನ ನ್ಯಾಯಾಲಯದಲ್ಲಿ ದೊಡ್ಡಕ್ಕ ಗೋಡೆಗೆ ಒರಗಿ, ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಗುತ್ತಿಗೆದಾರ ಇಸ್ತ್ರಿ ಮಾಡಿದ ಅಂಗಿಯಲ್ಲಿ ಮದುವೆಗೆ ಬಂದವನ ಹಾಗಿದ್ದ. ಅವನ ವಕೀಲ ಹಾಳೆ ತೋರಿಸಿ, ಇದು ನಿಮ್ಮದೇ ಸಹಿಯೇ ಎಂದು ಕೇಳಿದ. ಹೌದು ಎಂದಳು. ಹಾಗಾದರೆ ಆ ದಿನ ಹನ್ನೊಂದೂವರೆಗೆ ನೀವು ಅಡುಗೆ ನೋಡಿದಿರಿ, ತಿಂದಿರಿ, ಚೆನ್ನಾಗಿತ್ತು, ಅಲ್ಲವೇ ಎಂದ. ಅವಳ ವಕೀಲರು ಕನ್ನಡಕದ ಮೇಲಿಂದ ಅವಳನ್ನೇ ನೋಡುತ್ತಿದ್ದರು.

“ನೋಡಲಿಲ್ಲ. ತಿನ್ನಲಿಲ್ಲ,” ಎಂದಳು. “ತಿಂಗಳ ಒಂದನೇ ತಾರೀಖು ಮೂವತ್ತು ಸಹಿ ಒಟ್ಟಿಗೆ ಹಾಕಿದೆ. ಆ ಪುಸ್ತಕದಲ್ಲಿರೋದು ಒಂದೂ ನಿಜವಲ್ಲ.”

ನ್ಯಾಯಾಧೀಶರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ಅವಳತ್ತ ನೋಡಿದರು. ಎದುರು ವಕೀಲನ ಮುಖ ಅರಳಿತು. ಕಣ್ಣಿನ ಔಷಧಿಯ ಬಾಟಲಿಗಳಿಗೂ ನೀವೇ ಸಹಿ ಹಾಕುವುದಲ್ಲವೇ, ಅವೂ ಒಂದನೇ ತಾರೀಖಿನವೇ ಎಂದು ನಯವಾಗಿ ಕೇಳಿದ. ಅವು ಪರೀಕ್ಷೆ ಮಾಡಿ ಹಾಕಿದವು ಎಂದಳು. ಅದನ್ನು ನಾವು ಹೇಗೆ ನಂಬಬೇಕು ಎಂದ.

ಇಪ್ಪತ್ತೆರಡು ವರ್ಷ ಬೇರೆಯವರನ್ನು ಅವಳು ಕೇಳುತ್ತಿದ್ದ ಪ್ರಶ್ನೆ ಅದು. ಬಂದ ಉತ್ತರಕ್ಕೆಲ್ಲ ಮೂಗು ಮುರಿದಿದ್ದಳು. ಈಗ ತನ್ನ ಬಳಿಯೂ ಅವರಿಗಿಂತ ಒಳ್ಳೆಯ ಉತ್ತರವಿಲ್ಲ ಎಂದು ಕಂಡಿತು.

“ನಂಬಬೇಡಿ. ಆ ಬಾಟಲಿಗಳನ್ನ ತೆಗೆಸಿ, ಮತ್ತೆ ಪರೀಕ್ಷೆ ಮಾಡಿಸಿ,” ಎಂದಳು.

ಎರಡು ತಿಂಗಳಿಗೆ ತೀರ್ಪು ಬಂತು. ರುಚಿ ಪುಸ್ತಕ ಸುಳ್ಳೆಂದು ಸಾಬೀತಾದ ಮೇಲೆ, ಅಡುಗೆ ಚೆನ್ನಾಗಿತ್ತು ಎನ್ನಲು ಗುತ್ತಿಗೆದಾರನ ಬಳಿ ಏನೂ ಉಳಿಯಲಿಲ್ಲ. ಆಹಾರದಿಂದಲೇ ವಿಷಪ್ರಾಶನ ಎಂದು ನ್ಯಾಯಾಧೀಶರು ಸ್ಪಷ್ಟವಾಗಿ ಬರೆದರು. ಮೂವತ್ತು ಜನರಿಗೆ ಪರಿಹಾರ ಸಿಕ್ಕಿತು, ದೊಡ್ಡಕ್ಕನಿಗೆ ಜೀವನಪೂರ್ತಿ ಚಿಕಿತ್ಸೆಯ ವೆಚ್ಚವೂ ಸೇರಿ. ಮೂವತ್ತೊಂದನೆಯವಳಾದ ಸೊನ್ನೆ ಮೇಡಂ ಅರ್ಜಿ ವಜಾ: ತಡೆಯಬೇಕಾದವಳೇ ತಡೆಯಲಿಲ್ಲ ಎಂಬ ಕಾರಣಕ್ಕೆ. ಕಾರ್ಖಾನೆ ಅಷ್ಟರೊಳಗೆ ಅವಳ ಸಹಿಯ ಅಧಿಕಾರ ಕಿತ್ತುಕೊಂಡು, ಮೂರು ವರ್ಷದ ಬಾಟಲಿಗಳನ್ನು ಮರುಪರೀಕ್ಷೆಗೆ ಕಳಿಸಿತ್ತು. ಅವಳ ಜಾಗದಲ್ಲಿ ಸಹಿ ಹಾಕುತ್ತಿದ್ದವರು ರುಚಿ ಪುಸ್ತಕದಲ್ಲಿ ಅವಳಿಗಿಂತ ಹಿಂದಿನ ತಿಂಗಳ ಪಾಳಿಯಲ್ಲಿದ್ದ ಅಧಿಕಾರಿ. ಅವರೂ ಮೂವತ್ತನ್ನೂ ಒಟ್ಟಿಗೇ ಹಾಕಿದವರು, ಅವರನ್ನು ಯಾರೂ ಕೇಳಲಿಲ್ಲ.

ತೀರ್ಪಿನ ದಿನ ನ್ಯಾಯಾಲಯದ ಓಣಿಯಂಥ ಮೊಗಸಾಲೆಯಲ್ಲಿ ಗುತ್ತಿಗೆದಾರ ಅವಳಿಗೆ ಎದುರಾದ. ಅವನು ಬೈಯುತ್ತಾನೆ ಎಂದುಕೊಂಡು ಅವಳು ತಕ್ಕ ಮಾತು ಸಿದ್ಧ ಮಾಡಿಕೊಂಡಳು. ಅವನು ಬೈಯಲಿಲ್ಲ. ಆ ಅನ್ನ ಹಿಂದಿನ ಸಂಜೆಯದು, ಇಡೀ ರಾತ್ರಿ ಹಂಡೆಯಲ್ಲೇ ಇತ್ತು ಎಂದು, ಬಸ್ಸಿನ ಸಮಯ ಹೇಳುವಷ್ಟು ಸಲೀಸಾಗಿ ಹೇಳಿದ.

“ನಿಮ್ಮನ್ನ ಕಂಡ್ರೆ ನಂಗೆ ಭಯ ಇತ್ತು ಮೇಡಂ. ಒಂದೇ ಒಂದು ದಿನ ನೀವು ಒಳಗೆ ಬಂದು ಇಣುಕಿದ್ರೂ, ನಾನು ಅದನ್ನ ಇಡ್ತಿರಲಿಲ್ಲ.”

ಹೇಳಿ, ಹೆಗಲಿನ ಬಟ್ಟೆಯಿಂದ ಮುಖ ಒರೆಸಿಕೊಂಡು ಮೆಟ್ಟಿಲಿಳಿದು ಹೋದ. ಕೆಳಗೆ ಗೇಟಿನ ಹತ್ತಿರ ದೊಡ್ಡಕ್ಕ ಅರ್ಧ ದಾರಿಯಲ್ಲೇ ಸುಸ್ತಾಗಿ ಕಟ್ಟೆಯ ಮೇಲೆ ಕೂತಿದ್ದಳು. ಸೊನ್ನೆ ಮೇಡಂ ಹೋಗಿ ಪಕ್ಕದಲ್ಲಿ ಕೂತಳು. ಈಗ ಏನು ಉಣ್ಣೋಕೆ ಆಗುತ್ತೆ ನಿನಗೆ ಎಂದು ಕೇಳಿದಳು. ದೊಡ್ಡಕ್ಕ ಅನುಮಾನದಿಂದ ಅವಳ ಮುಖ ನೋಡಿ, ಯಾಕೆ, ಅದನ್ನೂ ಬರ್ಕೋತೀರಾ ಎಂದಳು.