ಹೂವಪ್ಪನ ಮೇಲೆ ಮೂವತ್ತು ದೂರು

ನಳಕ್ಕೆ ನೀರು ಬಿಡುವ ನಮ್ಮೂರ ನೀರಗಂಟಿ ಹೂವಪ್ಪ ಅಂಕಪಟ್ಟಿಯಲ್ಲಿ ತಾಲೂಕಿಗೇ ಕೊನೆಯವನಾದ. ಕಾರಣ, ಅವನ ಮೇಲೆ ಒಂದೂ ದೂರು ಇರಲಿಲ್ಲ. ಮೇಲಿನ ಕಚೇರಿಯವರು ಐದು ವರ್ಷದ ಕಾರ್ಯತಂತ್ರವೆಂದು ದಪ್ಪ ಪುಸ್ತಕ ಕಳಿಸಿದ್ದರು. ಅದರ ಪ್ರಕಾರ ಬಗೆಹರಿಸಿದ ದೂರಿಗೊಂದು ಅಂಕ, ದೂರೇ ಇಲ್ಲದವನಿಗೆ ಸೊನ್ನೆ. ತಿಂಗಳೊಳಗೆ ಮೂವತ್ತು ಅಂಕ ಆಗದಿದ್ದರೆ ಕೆಲಸವಿಲ್ಲ ಎಂದು ನೋಟೀಸು ಬಂತು. ಹಿರೇಕೆರೂರು ಕಡೆಯ ಈ ಊರಿಗೆ ಹದಿನೆಂಟು ವರ್ಷ ಒಂದು ದಿನವೂ ತಪ್ಪದೆ ನೀರು ಬಿಟ್ಟ ಮನುಷ್ಯನಿಗೆ. ಪಂಚಾಯಿತಿಯ ಕಂಪ್ಯೂಟರ್ ಮುಂದೆ ಕೂರುವ ನನಗೆ ಮೈಯೆಲ್ಲ ಉರಿಯಿತು.

ದೂರು ಕೊಡಿ ಎಂದು ಮನೆಮನೆಗೆ ಹೋಗಿ ಅಂಗಲಾಚಿದೆ. ಕೆಳಗಿನ ಓಣಿಯ ಮುದುಕಿ ಗುತ್ತೆವ್ವ ಬಹಳ ಯೋಚಿಸಿ ಬಾಯಿಬಿಟ್ಟಳು.

"ನೀರು ಭಾಳ ಜೋರ ಬರ್ತೈತಿ ಅಂತ ಬರಕೋ ಹೇಮಾ. ಕೊಡ ಲಗೂನ ತುಂಬಿ, ನಳದ ಮುಂದ ಮಾತಾಡಾಕ ಪುರುಸೊತ್ತ ಸಿಗವಲ್ದು."

ಬಗೆಹರಿಸಿದ್ದಕ್ಕೆ ಸಾಕ್ಷಿಯಾಗಿ ಫೋಟೋ ಹಚ್ಚಬೇಕಿತ್ತು. ಹೂವಪ್ಪ ವಾಲ್ವ್ ಬಿಗಿದು ನೀರು ಸಣ್ಣದು ಮಾಡಿದ. ಒಂದು ಅಂಕ ಬಿತ್ತು. ಊರಿಗೆ ಹುರುಪು ಬಂತು. ದಿನಾ ಆರಕ್ಕೇ ನೀರು ಬಂದು ನಿದ್ದೆ ಕೆಡುತ್ತದೆ ಎಂದರು ಫಕ್ಕೀರೇಶ ಮಾಸ್ತರರು. ಹೂವಪ್ಪ ಹೊತ್ತು ತಪ್ಪಿಸಿದ. ನಳದ ಮುಂದೆ ರಾಡಿ ಎಂದರು ಮತ್ತೊಂದು ಓಣಿಯವರು. ಆ ಓಣಿಯ ನಳವನ್ನೇ ಬಂದ್ ಮಾಡಿದ. ಎಲ್ಲವೂ ಅವನ ಮೇಲಿನ ಪ್ರೀತಿಯಿಂದ. ಇಪ್ಪತ್ತೊಂಬತ್ತನೆಯ ದೂರಿನ ಹೊತ್ತಿಗೆ ಊರಲ್ಲಿ ಎರಡು ನಳ ಉಳಿದಿದ್ದವು, ಅಲ್ಲಿ ಜಗಳ ಹೆಚ್ಚಾಗಿದೆ ಎಂಬುದು ಮೂವತ್ತನೆಯ ದೂರು. ಅವನ್ನೂ ಮುಚ್ಚಿದ.

ಹೂವಪ್ಪ ತಾಲೂಕಿಗೇ ಮೊದಲಿಗನಾದ. ಶಾಲು ಹೊದ್ದು ಬಂದವನಿಗೆ ಊರೆಲ್ಲ ಚಪ್ಪಾಳೆ ತಟ್ಟಿತು. ಖುಷಿಗೆ ನನ್ನ ಕಣ್ಣು ತುಂಬಿತ್ತು. ಶಾಲಿನ ಜೊತೆಗೆ ಮುಂದಿನ ತಿಂಗಳ ಗುರಿಯನ್ನೂ ಕೊಟ್ಟು ಕಳಿಸಿದ್ದಾರೆಂದು ಆಗ ಗೊತ್ತಿರಲಿಲ್ಲ. ಈ ಸಲ ಅರವತ್ತು.

ಮರುದಿನ ಗುತ್ತೆವ್ವ ಖಾಲಿ ಕೊಡ ಹಿಡಿದು ಪಂಚಾಯಿತಿಗೆ ಬಂದಳು.

"ಹೂವಪ್ಪಾ, ನೌಕರಿ ಉಳೀತಲ್ಲ. ಇನ್ನ ನೀರ ಬಿಡಪಾ."

"ದೂರು ಕೊಡ್ರಿ," ಎಂದ ಹೂವಪ್ಪ. "ಏಳು ದಿನದಾಗ ಪರಿಶೀಲನಾ ಮಾಡ್ತೇನಿ."

ಚೇಷ್ಟೆ ಮಾಡುತ್ತಿದ್ದಾನೇನೋ ಎಂದು ಅವನ ಮುಖ ನೋಡಿದೆ. ಬರೀ ಹೆದರಿಕೆ ಇತ್ತು. ಮಾತು ಕಲಿತಾಗಿನಿಂದ ಆ ಮುದುಕಿಯನ್ನು 'ಯವ್ವಾ, ನೀ' ಎಂದು ಕರೆದವನು ಅವನು. ನೀರಿಲ್ಲದ್ದಕ್ಕಿಂತ ಈ ಬಹುವಚನವೇ ಅವಳಿಗೆ ಹೆಚ್ಚು ತಾಗಿತು.

"ನನಗ 'ಕೊಡ್ರಿ' ಅಂತಿಯೇನೋ? ನಾ ನಿನಗ ಏನ ಮಾಡೇನಿ?"

ನಾನು ತಲೆ ತಗ್ಗಿಸಿದೆ. ಹೂವಪ್ಪ ದೂರಿನ ಫಾರ್ಮನ್ನು ಅವಳ ಮುಂದೆ ಸರಿಸಿ, ಹೆಬ್ಬೆಟ್ಟು ಒತ್ತುವ ಜಾಗ ತೋರಿಸಿದ.