ಸದ್ಯಕ್ಕೆ ಹಾಕಿದ ಹಾಡು

ಜಾಹೀರಾತಿಗೆ ಸದ್ದು ಕೂಡಿಸುವ ಕೋಣೆಯಲ್ಲಿ ‘ಸದ್ಯಕ್ಕೆ ಇರಲಿ’ ಎನ್ನುವಷ್ಟು ಅಪಾಯದ ಮಾತು ಇನ್ನೊಂದಿಲ್ಲ. ನಿಜವಾದ ಸಂಗೀತ ಬರುವ ತನಕ ಜಾಗ ಕಾಯಲು ಯಾವುದೋ ಒಂದು ಹಾಡು ಹಾಕಿಡುತ್ತಾರೆ. ಅಲ್ಲಿ ಕೆಲಸ ಮಾಡುವ ಚಿಕ್ಕಿ ಹಾಕಿದ್ದು ತನ್ನ ಅಪ್ಪನ ಹಾಡು.

ಅಪ್ಪ ಐವತ್ತು ವರ್ಷದಿಂದ ಪ್ರಾರ್ಥನಾ ಮಂದಿರದ ಹಾಡುಗಾರ. ಮೈಕ್ ಕಂಡರೆ ಮೈಯೆಲ್ಲ ಉರಿ. ಮಗಳ ಕೆಲಸಕ್ಕೆ ಅವರಿಟ್ಟ ಹೆಸರು ‘ಗುಂಡಿ ಒತ್ತೋದು’. ಅವಳೋ ಬಾಗಿಲ ಹಿಂದೆ ನಿಂತು ಅವರ ಹಾಡನ್ನು ಫೋನಿನಲ್ಲಿ ಕದ್ದು ಹಿಡಿದಿದ್ದಳು. ಗೊತ್ತಾದರೆ ಮನೆಯಲ್ಲಿ ಹಾಡುವುದನ್ನೇ ಬಿಟ್ಟಾರು. ಬೆಳಗಿನ ಆ ಹಾಡಿಲ್ಲದೆ ಅವಳಿಗೆ ಹಾಸಿಗೆ ಬಿಟ್ಟೇಳುವ ಮನಸ್ಸೇ ಬಾರದು.

ಅಷ್ಟರಲ್ಲಿ ಜಾಹೀರಾತು ಕೊಟ್ಟ ಇಯರ್‌ಫೋನ್ ಕಂಪನಿಯವರು ಕೇಳಿ, “ಆಹಾ, ಏನು ಶಾಂತಿ!” ಎಂದು ಅದನ್ನೇ ಖಾಯಂ ಮಾಡಿಬಿಟ್ಟರು. ಚಿಕ್ಕಿ ಮೇಲಿನವರ ಬಳಿ ಓಡಿದಳು.

“ಸಾರ್, ಹಾಡು ‘ಕಿವಿ ತೆರೆ ಒಡೆಯಾ’ ಅಂತಿದೆ. ನಾವು ಮಾರ್ತಿರೋ ಇಯರ್‌ಫೋನು ಹೊರಗಿನ ಸದ್ದೆಲ್ಲ ಮುಚ್ಚೋದು!”

“ಪದ ಯಾರಮ್ಮ ಕೇಳ್ತಾರೆ?” ಎಂದರು ಮೇಲಿನವರು. “ಹಾಡಿದವರು ನಿಮ್ಮ ತಂದೆಯವರೇ ತಾನೆ? ಸಂಜೆ ಏಳಕ್ಕೆ ಟಿವೀಲಿ ಬರುತ್ತೆ, ಕಳಿಸಾಯ್ತು.”

ಬಿದ್ದೆನೋ ಎದ್ದೆನೋ ಎಂದು ಅವಳು ಮನೆ ಮುಟ್ಟಿದಾಗ ಏಳಕ್ಕೆ ಎರಡೇ ನಿಮಿಷ. ಅಪ್ಪ ಟಿವಿ ಮುಂದೆ ಕೂತು ಬಟಾಣಿ ಸುಲಿಯುತ್ತಿದ್ದರು.

“ಅಪ್ಪಾ, ಒಂದು ತಪ್ಪಾಗಿದೆ...”

ಅಷ್ಟು ಹೇಳುವುದರೊಳಗೆ ಹಾಡು ಬಂದೇ ಬಂತು. ಹುಡುಗಿಯೊಬ್ಬಳು ಕಿವಿಗೆ ಇಯರ್‌ಫೋನ್ ತುರುಕಿ ಕಣ್ಣು ಮುಚ್ಚಿದಳು. ಅಪ್ಪನ ಕಂಠ ‘ಕಿವಿ ತೆರೆ, ಕಿವಿ ತೆರೆ’ ಎಂದು ಮೊರೆಯಿಟ್ಟಿತು. ಅಪ್ಪನ ಕೈಯ ಬಟಾಣಿ ಕೈಯಲ್ಲೇ ಉಳಿಯಿತು.

ಮೊದಲು ಅವರ ಹೊಟ್ಟೆ ಕುಲುಕಿತು. ಆಮೇಲೆ ಭುಜ. ಆಮೇಲೆ ಬಟಾಣಿಯೆಲ್ಲ ನೆಲದ ಪಾಲು.

“ಐವತ್ತು ವರ್ಷ ಕಿವಿ ತೆರೆ ಕಿವಿ ತೆರೆ ಅಂತ ಆ ದೇವರ ಪ್ರಾಣ ತಿಂದಿದೀನಿ ಕಣೇ! ಪಾಪ, ಮೊದಲು ಇದನ್ನ ಕೊಂಡ್ಕೊಳ್ಳೋನು ಅವನೇ!”

ನಕ್ಕು ನಕ್ಕು ಕಣ್ಣೊರೆಸಿಕೊಂಡವರು ತಟ್ಟನೆ ಮಗಳತ್ತ ತಿರುಗಿದರು.

“ನಾನು ಹಾಡೋವಾಗ ನಿಮ್ಮಮ್ಮ ಪಾತ್ರೆ ಬಡೀತಾನೇ ಇರ್ತಾಳೆ. ಆ ಸದ್ದೆಲ್ಲಿ ಹೋಯ್ತು?”

“ಬಾಗಿಲ ಹಿಂದಿಂದ ಹಿಡಿದಿದ್ದೆ, ಆಮೇಲೆ ಆ ಸದ್ದು ತೆಗೆದೆ ಅಪ್ಪಾ. ಒಂದೊಂದಾಗಿ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ನಿಮ್ಮ ಉಸಿರು ಮಾತ್ರ ಮುಟ್ಟಲಿಲ್ಲ. ಮೂರು ದಿನ ಹಿಡೀತು.”

“ಮೂರು ದಿನ ಕಿವಿಯಿಟ್ಟು ಕೇಳಿದ್ಯಾ?” ಅಪ್ಪನ ದನಿ ಮೆತ್ತಗಾಯಿತು. “ನಾನು ಬರೀ ಗುಂಡಿ ಒತ್ತೋದು ಅಂದ್ಕೊಂಡಿದ್ದೆನಲ್ಲೇ, ಪೆದ್ದ.”

ಅಡುಗೆಮನೆಯಿಂದ ಅಮ್ಮ ಹಾರಿಬಂದರು. “ಅಂದ್ರೆ ಇವರ ಹಾಡು ಟಿವೀಲಿ ಬರ್ಬೇಕು, ನನ್ನ ಪಾತ್ರೆ ಬೇಡ್ವಾ?”

ಮರುದಿನ ಬೆಳಗ್ಗೆ ಚಿಕ್ಕಿ ಕಣ್ಣು ಬಿಟ್ಟಾಗ ಹಾಡಿರಲಿಲ್ಲ. ಮನೆ ತಣ್ಣಗಿತ್ತು. ಅವಳಿಗೆ ಅಳುವೇ ಬಂತು. ಬಾಗಿಲ ಬಳಿ ಓಡಿದಳು.

ಅಪ್ಪ ಚಾಪೆಯ ಮೇಲೆ ನೆಟ್ಟಗೆ ಕೂತು ಕಾಯುತ್ತಿದ್ದರು.

“ಎಷ್ಟು ಹೊತ್ತೇ? ನಿನ್ನೆ ಟಿವೀಲಿ ಎರಡನೇ ಸಾಲಲ್ಲಿ ಶ್ರುತಿ ಇಳಿದಿತ್ತು, ಮಾನ ಹೋಯ್ತು. ಬಾಗಿಲ ಹಿಂದೆ ಬೇಡ, ಮೈಕ್ ತಂದು ಇಲ್ಲೇ ಎದುರಿಗೆ ಕೂರು.”

ಒಳಗೆ ಅಮ್ಮ ಬೇಕೆಂದೇ ಒಂದು ತಟ್ಟೆ ಬೀಳಿಸಿದರು.