ವುಜೂಗೆ ಬಂದ ನೀರು

ಹರಿಹರದಲ್ಲಿ ಪೈಪು, ಪಂಪುಗಳ ಅಂಗಡಿ ಇಟ್ಟಿದ್ದ ಸನಾವುಲ್ಲಾ ಸಾಹೇಬರು ಮಗಳ ಕೆಲಸ ಏನೆಂದು ಯಾರಾದರೂ ಕೇಳಿದರೆ ಮಾತು ಹಾರಿಸಿಬಿಡುತ್ತಿದ್ದರು. ಮಗ ಆತಿಫ್ ಬ್ಯಾಂಕಿನಲ್ಲಿದ್ದಾನೆ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಫಹಮಿದಾ? ಕೆಮಿಸ್ಟ್ರಿ ಎಂಎಸ್ಸಿ ಮಾಡಿ, ನ್ಯೂಜಿಲೆಂಡಿಗೆ ಹೋಗಿ, ಮುಚ್ಚಿಹೋದ ಯಾವುದೋ ಕಲ್ಲಿದ್ದಲು ಗಣಿಯ ನೀರು ನೋಡಿಕೊಳ್ಳುತ್ತಾಳಂತೆ! ಮಸೀದಿಯ ಜಗಲಿಯಲ್ಲಿ ಕೂತವರ ಬಾಯಿ ಸುಮ್ಮನಿರುತ್ತದೆಯೇ? "ಏನ್ರೀ, ಮಗಳನ್ನ ಮೋರಿ ಕಾಯಾಕೆ ಅಷ್ಟು ದೂರ ಕಳಿಸೀರಾ?" ಎಂದು ಬೇಕರಿ ಹಾರೂನ್ ಸಾಬರು ಎಲ್ಲರೆದುರು ನಕ್ಕುಬಿಟ್ಟಿದ್ದರು. ಆ ಮಾತು ಸಾಹೇಬರಿಗೆ ಚುಚ್ಚಿತ್ತು. ಅದಕ್ಕೊಂದು ಉತ್ತರ ಬೇಕೇ ಬೇಕಿತ್ತು. 2009ರ ಫೆಬ್ರವರಿಯಲ್ಲಿ ಅವರು ವಿಮಾನ ಹತ್ತಿದ್ದು ಮಗಳನ್ನು ನೋಡುವ ಆಸೆಗೆ ಎಷ್ಟೋ, ಆ ಉತ್ತರಕ್ಕೂ ಅಷ್ಟೇ.

ಮಗಳು ಅವರನ್ನು ತನ್ನ ಯೂಟ್ ಎಂಬ ಪಿಕಪ್ ಗಾಡಿಯಲ್ಲಿ ಕೂರಿಸಿಕೊಂಡು ಬೆಟ್ಟ ಹತ್ತಿಸಿದಳು. ಗಣಿಯ ಬಾಯಿಗೆ ಕಬ್ಬಿಣದ ಸರಳು ಹಾಕಿತ್ತು. ಅದರೊಳಗಿಂದ ನೀರು ಹರಿದು ಬರುತ್ತಿತ್ತು. ತಳದ ಕಲ್ಲು ಒಂದೊಂದೂ ಕಾಣುವಷ್ಟು ತಿಳಿ.

"ಸುಭಾನಲ್ಲಾ! ಎಂಥಾ ನೀರು!" ಎಂದರು ಸಾಹೇಬರು.

ಫಹಮಿದಾ ತುಟಿಯಲ್ಲೇ ನಕ್ಕು ಕೆಳಕ್ಕೆ ಕರೆದೊಯ್ದಳು. ಅಲ್ಲಿ ಉದ್ದನೆಯ ಗುಂಡಿಯ ತುಂಬ ಕಡಲ ಚಿಪ್ಪುಗಳು, ಮೂಗು ಮುಚ್ಚಿಕೊಳ್ಳುವಷ್ಟು ಕೊಳೆತ ವಾಸನೆ. ಆಚೆ ಒಂದು ಕೊಳ, ತಳದಲ್ಲಿ ಕೆಂಪು ರಾಡಿ. ಅದರಿಂದಾಚೆ ನೀರು ಕಾಡಿನ ತೊರೆಗೆ ಸೇರುವಲ್ಲಿ ಚಹಾದ ಬಣ್ಣ!

ಸಾಹೇಬರ ಜೀವವೇ ಕುಸಿಯಿತು. ಮೇಲೆ ಅಷ್ಟು ಚಂದದ ನೀರು, ಮಗಳ ಕೈ ದಾಟಿದ ಮೇಲೆ ಈ ಗತಿ. ಹಾರೂನ್ ಸಾಬರ ಮಾತೇ ನಿಜವಾಯಿತಲ್ಲ! ಮುಖ ಗಂಟು ಹಾಕಿಕೊಂಡು, "ಜೊಹರ್ ನಮಾಜಿನ ಹೊತ್ತಾತು, ಕೈಕಾಲು ಮುಖ ತೊಳೆದು ವುಜೂ ಮಾಡ್ತೀನಿ" ಎಂದವರೇ ಮತ್ತೆ ಮೇಲಕ್ಕೆ ನಡೆದರು.

"ಅಬ್ಬಾಜಿ, ಅಲ್ಲಿ ಬ್ಯಾಡ್ರಿ!"

"ಜನ್ಮವೆಲ್ಲ ಪಂಪು ಮಾರೀನಿ. ನನಗೆ ನೀರು ಗೊತ್ತಿಲ್ಲೇನು?"

ಕೈ ತೊಳೆದರು, ಬೊಗಸೆ ತುಂಬಿ ಬಾಯಿಗೆ ಹಾಕಿಕೊಂಡರು. ಅಷ್ಟೇ! ಹುಣಸೆಹಣ್ಣಿನ ಜೊತೆ ತುಕ್ಕು ಮೊಳೆ ಅಗಿದಂತಾಗಿ ಹಲ್ಲೆಲ್ಲ ಜುಮ್ಮೆಂದವು. ಥೂ ಥೂ ಎಂದು ಉಗಿದರು. ಪಂಪಿನ ಸಾಹೇಬರ ಪಾಂಡಿತ್ಯ ಅಲ್ಲಿಗೆ ಮುಗಿಯಿತು.

ಓಡಿ ಬಂದ ಮಗಳು ತನ್ನ ಬಾಟಲಿಯ ನೀರು ಕೊಟ್ಟು ಬಾಯಿ ತೊಳೆಸಿದಳು. "ಗಣಿ ಒಳಗಿನ ಕಲ್ಲಿಗೆ ಗಾಳಿ, ನೀರು ತಾಗಿ ಹುಳಿ ಹುಟ್ಟತೈತ್ರಿ. ಆ ಹುಳಿಗೆ ಕಬ್ಬಿಣ ಎಲ್ಲ ಕರಗಿಬಿಡತೈತಿ. ಇದರಾಗೆ ಒಂದು ಹುಳಾನೂ ಬದುಕಂಗಿಲ್ಲ, ಪಾಚೀನೂ ಬೆಳೆಯಂಗಿಲ್ಲ. ಅದಕ್ಕೇ ಇಷ್ಟು ತಿಳಿ ಕಾಣೋದು. ಇದು ಸತ್ತ ನೀರು, ಅಬ್ಬಾಜಿ. ನಾನು ಬಂದಾಗ ಕೆಳಗಿನ ತೊರೇನೂ ಸತ್ತಿತ್ತು."

"ಆ ಚಿಪ್ಪು?"

"ಮೀನಿನ ಫ್ಯಾಕ್ಟರಿಯವರು ಎಸೆಯೋ ಚಿಪ್ಪು. ಅದರ ಸುಣ್ಣ ಹುಳಿ ಮುರೀತೈತಿ. ಕಬ್ಬಿಣ ಬಿಟ್ಟುಕೊಂಡು ಕೊಳದಾಗೆ ಕೂರತೈತಿ, ಆ ಕೆಂಪು ರಾಡಿ ಅದೇ."

ಸಾಹೇಬರು ಕೆಳಗಿಳಿದು ತೊರೆಯ ಪಕ್ಕ ಕುಕ್ಕರಗಾಲಲ್ಲಿ ಕೂತರು. ಒಂದು ಕಲ್ಲು ಮಗುಚಿದರು. ಅಡಿಯಲ್ಲಿ ಪುಟ್ಟ ಪುಟ್ಟ ಹುಳುಗಳು ಗಾಬರಿಯಿಂದ ಓಡಾಡಿದವು. ಆಚೆಯ ಬೇರಿನ ನೆರಳಲ್ಲಿ ಹಾವುಮೀನೊಂದು ಸೋಮಾರಿಯಂತೆ ಬಾಲ ಆಡಿಸುತ್ತಿತ್ತು.

"ಮತ್ತೆ ಈ ಬಣ್ಣ?"

"ಕಾಡಿನ ಎಲೆದು. ಇಲ್ಲಿ ಎಲ್ಲ ತೊರೇನೂ ಹಿಂಗೇ."

ಚಿಕ್ಕಂದಿನಲ್ಲಿ ಮೌಲ್ವಿಗಳು ಕಲಿಸಿದ್ದು ಸಾಹೇಬರಿಗೆ ನೆನಪಾಯಿತು. ವುಜೂ ನೀರಿನ ಬಣ್ಣ ನೋಡು, ವಾಸನೆ ನೋಡು, ರುಚಿ ನೋಡು. ಆದರೆ ತಾನಾಗಿ ಬಿದ್ದ ಎಲೆಯಿಂದ ಬಂದ ಬಣ್ಣಕ್ಕೆ ಮಾಫಿ ಇದೆ. ಬೊಗಸೆ ಎತ್ತಿ ಮೂಸಿದರು. ಒದ್ದೆ ಮಣ್ಣಿನ ವಾಸನೆ, ಅಷ್ಟೇ.

"ಮುಕ್ಕಳಿಸ್ರಿ, ನುಂಗಬ್ಯಾಡ್ರಿ," ಎಂದಳು ಫಹಮಿದಾ. ಆ ನೀರನ್ನು ಅವಳು ಎಷ್ಟು ಸಲ ಪರೀಕ್ಷೆ ಮಾಡಿದ್ದಳೋ! ಆದರೆ ಇಂಥ ಪರೀಕ್ಷಕರು ಇದುವರೆಗೆ ಬಂದಿರಲಿಲ್ಲ.

ಸಾಹೇಬರು ಮುಕ್ಕಳಿಸಿದರು. ಉಗಿದರು. ಹುಳಿಯೂ ಇಲ್ಲ, ತುಕ್ಕೂ ಇಲ್ಲ. ಆಮೇಲೆ ಅಂಗಿಯ ತೋಳು ಇನ್ನೂ ಮೇಲಕ್ಕೆ ಮಡಚಿ, ಮುಖ ತೊಳೆದರು, ಮೊಣಕೈವರೆಗೆ ತೊಳೆದರು, ತಲೆ ಸವರಿಕೊಂಡರು, ಎರಡೂ ಪಾದ ನೀರಿಗಿಟ್ಟು ಬೆರಳ ಸಂದು ಬಿಡದೆ ತಿಕ್ಕಿದರು. ಅಲ್ಲೇ ಹುಲ್ಲಿನ ಮೇಲೆ ನಮಾಜಿಗೆ ನಿಂತರು. ಮಗಳು ಆಚೆ ತಿರುಗಿ ಕಣ್ಣೊರೆಸಿಕೊಂಡಳು.

ಬೆಟ್ಟ ಇಳಿದು ಊರು ಹತ್ತಿರವಾದಾಗ ಮೊಬೈಲಿಗೆ ಸಿಗ್ನಲ್ ಬಂತು. ಹರಿಹರದಲ್ಲಿ ಆಗಷ್ಟೇ ಬೆಳಗಾಗಿತ್ತು. ಸಾಹೇಬರು ತಡ ಮಾಡದೆ ಫೋನ್ ಮಾಡಿಯೇಬಿಟ್ಟರು.

"ಹಲೋ, ಹಾರೂನ್ ಸಾಬ್ರಾ? ನನ್ನ ಮಗಳು ಏನು ಕೆಲಸ ಮಾಡ್ತಾಳೆ ಅಂತ ಕೇಳಿದ್ರಲ್ಲ, ಕೇಳಿಸ್ಕೊಳ್ರಿ. ಸತ್ತ ನೀರನ್ನ ವುಜೂಗೆ ಬರೋಹಂಗೆ ಮಾಡ್ತಾಳೆ! ಈಗ ಅದರಾಗೇ ವುಜೂ ಮಾಡಿ ನಮಾಜ್ ಮುಗಿಸಿ ಬಂದೆ... ಹಲೋ? ಕೇಳಿಸಲಿಲ್ಲೇನು? ಹೋಗ್ಲಿ ಬಿಡ್ರಿ, ಮಸೀದಿ ಜಗಲಿ ಮ್ಯಾಲೆ ಇನ್ನೊಂದು ಸಲ ಹೇಳ್ತೀನಿ, ಎಲ್ಲರೂ ಇದ್ದಾಗ."